ಕಂಪನಿ ಎಂಜಿನ್ ಎಷ್ಟು ಬೂಸ್ಟ್ ತಡೆದೀತು?

"ಅಣ್ಣಾ, ಇನ್ನೊಂದು ಐದು ಪಿಎಸ್ಐ ಏರಿಸಿಕೊಡಿ, ಏನೂ ಆಗಲ್ಲ" ಅಂತ ಬರುವ ಹುಡುಗರು ಈಗೀಗ ಜಾಸ್ತಿ. ಎಕ್ಸ್‌ಪ್ರೆಸ್‌ವೇ ಆದಮೇಲಂತೂ ಕೇಳಲೇಬೇಡಿ. ಮಂಡ್ಯದ ಹೊರಗೆ ನನ್ನದು ಎರಡು ಷಟರ್‌ನ ಗ್ಯಾರೇಜು. ಮೊದಲು ಟ್ರ್ಯಾಕ್ಟರ್ ಕೆಲಸ, ಈಗ ಹೆಚ್ಚಾಗಿ ಕಾರು. ಆ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟರ್ಬೊ ಅಂದರೆ ಎಕ್ಸಾಸ್ಟ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪು. ಹೊರಗಿನ ಗಾಳಿಗಿಂತ ಅದು ಎಷ್ಟು ಒತ್ತಡ ಜಾಸ್ತಿ ಹಾಕುತ್ತದೋ ಅದೇ ಬೂಸ್ಟ್, ಅಳೆಯುವುದು ಪಿಎಸ್ಐ ಲೆಕ್ಕದಲ್ಲಿ.

ಮೊದಲು ನಂಬರ್ ಹೇಳಿಬಿಡುತ್ತೇನೆ, ಎಲ್ಲರಿಗೂ ಬೇಕಾಗಿರುವುದು ಅದೇ ಅಲ್ವಾ? ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಹೊರಗಿನ ಕಿಟ್ ಹಾಕಿಸುತ್ತೀರಿ, ಪಿಸ್ಟನ್ನು, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡು ಕಂಪನಿಯವೇ ಅಂದರೆ 5ರಿಂದ 6 ಪಿಎಸ್ಐಗೆ ನಿಲ್ಲಿಸಿ. ಅದೂ ಟರ್ಬೊದಿಂದ ಬಂದ ಬಿಸಿಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇದ್ದು, ಟ್ಯೂನಿಂಗ್ ಸರಿಯಾಗಿ ಆಗಿದ್ದರೆ. ಟರ್ಬೊ ಜೊತೆಗೇ ಬಂದ ಕಾರಾದರೆ ಕಂಪನಿ ಇಟ್ಟಿದ್ದರ ಮೇಲೆ 3, ಹೆಚ್ಚೆಂದರೆ 4. ಇದು ನನ್ನ ಕೈಯಳತೆ. ಒಂದೊಂದು ಎಂಜಿನ್ ಇದಕ್ಕಿಂತ ಜಾಸ್ತಿ ತಡೆಯುತ್ತದೆ, ಕೆಲವು ಇಷ್ಟನ್ನೂ ತಡೆಯುವುದಿಲ್ಲ.

ಯಾಕೆ ಇಷ್ಟು ಕಡಿಮೆ? ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ನಲ್ಲಿ ಕಂಪ್ರೆಷನ್ ಆಗಲೇ 10ಕ್ಕೆ 1, 11ಕ್ಕೆ 1 ಇರುತ್ತದೆ. ಮಂಡ್ಯದ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 13.5 ಪಿಎಸ್ಐ. ಅದರ ಮೇಲೆ 6 ಹಾಕಿದರೆ ಶೇಕಡಾ 40ಕ್ಕಿಂತ ಜಾಸ್ತಿ ಒತ್ತಡ. ಆ ಗಾಳಿಯನ್ನೂ ಪಿಸ್ಟನ್ ಮತ್ತೆ ಹತ್ತು ಪಟ್ಟು ಹಿಂಡುತ್ತದೆ. ಬಿಸಿ ಮಿತಿಮೀರಿದರೆ ಪ್ಲಗ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಸ್ಟೀಲ್ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಸ್ಟೀರಿಯೊ ಜೋರಾಗಿದ್ದರೆ ಅದೂ ಕೇಳುವುದಿಲ್ಲ.

ನನ್ನ ಮೇಜಿನ ಮೇಲೆ ಒಂದು ಪಿಸ್ಟನ್ ಇದೆ. ಬಂದವರಿಗೆಲ್ಲ ಕೈಗೆ ಕೊಡುತ್ತೇನೆ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಮೇಲಿನ ಎರಡು ರಿಂಗ್‌ಗಳ ನಡುವಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಕಿರುಬೆರಳ ಉಗುರಿನಷ್ಟು ಚೂರು ಎದ್ದುಹೋಗಿದೆ. ತಲೆಯ ಅಂಚಿನಲ್ಲಿ ಇರುವೆ ಕಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ. ಟರ್ಬೊ ಕಿಟ್ ಹಾಕಿಸಿ 9 ಪಿಎಸ್ಐ ಕೊಟ್ಟಿದ್ದ ಪೆಟ್ರೋಲ್ ಕಾರಿನದು. ಎಕ್ಸಾಸ್ಟ್‌ನಲ್ಲಿ ನೀಲಿ ಹೊಗೆ ಬರುತ್ತಿದೆ ಅಂತ ಟೋ ಮಾಡಿಸಿಕೊಂಡು ಬಂದಿದ್ದರು.

ಡೀಸೆಲ್‌ನಲ್ಲಿ ಈ ನಾಕಿಂಗ್ ಕಾಟ ಇಲ್ಲ, ಹಾಗಂತ ಸುಮ್ನೆ ತಿರುಗಿಸಿಬಿಡಬೇಡಿ. ಅಲ್ಲಿ ಕೊಲ್ಲುವುದು ಶಾಖ. ನನ್ನ ಹಳೇ ಸ್ವಿಫ್ಟ್ ಡೀಸೆಲ್, 1.3 ಲೀಟರಿನ 75 ಹಾರ್ಸ್‌ಪವರ್ ಎಂಜಿನ್. ಟರ್ಬೊಗೆ ಹೋಗುವ ಹೊಗೆಯಲ್ಲಿ ಒಂದಿಷ್ಟನ್ನು ಪಕ್ಕಕ್ಕೆ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲೇ ವೇಸ್ಟ್‌ಗೇಟ್. ಅದನ್ನು ತೆರೆಯುವ ಆಕ್ಚುಯೇಟರ್‌ನ ರಾಡನ್ನು ನಾನೇ ಎರಡು ಸುತ್ತು ಬಿಗಿ ಮಾಡಿದ್ದೆ. ಒಂದು ವಾರ ಪಿಕಪ್ಪೋ ಪಿಕಪ್ಪು. ಏಪ್ರಿಲ್ ಬಿಸಿಲಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಎಸಿ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿದೆ. ಅರ್ಧ ದಾರಿಯಲ್ಲಿ 'ಟಪ್' ಅಂತ ಸದ್ದು. ಹಿಂದೆ ಕಪ್ಪು ಹೊಗೆ, ಗಾಡಿ ಎಳೆಯುತ್ತಲೇ ಇಲ್ಲ. ಇಂಟರ್‌ಕೂಲರ್ ಹೋಸ್ ಕಿತ್ತು ಬಂದಿತ್ತು. ನನ್ನ ಪುಣ್ಯ, ಹೋಗಿದ್ದು ಹೋಸ್ ಒಂದೇ. ಮೆಕ್ಯಾನಿಕ್ ಅಳಿಯನ ಕಾರು ದಾರಿಯಲ್ಲಿ ನಿಂತಿದ್ದನ್ನು ನಮ್ಮ ಅತ್ತೆ ಇವತ್ತಿಗೂ ಮರೆತಿಲ್ಲ.

ಗಾಳಿ ಒತ್ತಿದರೆ ಬಿಸಿಯಾಗುತ್ತದೆ, ಸೈಕಲ್ ಪಂಪ್ ಹಿಡಿದವರಿಗೆ ಗೊತ್ತು. 32 ಡಿಗ್ರಿ ಗಾಳಿಯನ್ನು 1 ಬಾರ್, ಅಂದರೆ 14.5 ಪಿಎಸ್ಐ ಒತ್ತಿ ಕಳಿಸಿದರೆ ಟರ್ಬೊದಿಂದ ಹೊರಬರುವಾಗ 120 ಡಿಗ್ರಿ ದಾಟಿರುತ್ತದೆ. ಸಣ್ಣ ಟರ್ಬೊವನ್ನು ಅದರ ಶಕ್ತಿ ಮೀರಿ ಓಡಿಸಿದರೆ ಇನ್ನೂ ಜಾಸ್ತಿ. ಗೇಜ್‌ನಲ್ಲಿ ಮುಳ್ಳು ಏರುತ್ತದೆ, ಎಂಜಿನ್‌ಗೆ ಸಿಗುವುದು ಮಾತ್ರ ತೆಳು ಬಿಸಿಗಾಳಿ. ಅದಕ್ಕೇ ಬೂಸ್ಟ್ ಏರಿಸುವ ದುಡ್ಡಲ್ಲಿ ಮೊದಲು ಒಳ್ಳೆ ಇಂಟರ್‌ಕೂಲರ್ ಹಾಕಿಸಿ ಅನ್ನುತ್ತೇನೆ. ಯಾರೂ ಕೇಳುವುದಿಲ್ಲ.

ಆದರೂ ಏರಿಸಲೇಬೇಕು ಅಂದರೆ ಹೀಗೆ ಮಾಡಿ. ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ನೋಡುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಲ್ಲಿಗೇ ಬಿಡಿ, ಅದು ರಿಪೇರಿಗೆ ಬಂದ ಎಂಜಿನ್. ಹೋಸ್, ಕ್ಲಾಂಪ್ ಎಲ್ಲ ನೋಡಿ. ಬೂಸ್ಟ್ ಗೇಜ್ ಹಾಕಿ, ಏನೂ ಮುಟ್ಟದೆ ಒಂದು ವಾರ ಓಡಿಸಿ ಈಗ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಆಕ್ಚುಯೇಟರ್ ಇರುವ ಹಳೇ ಗಾಡಿಯಾದರೆ ನಟ್ ಮುಟ್ಟುವ ಮೊದಲು ಅದಿದ್ದ ಜಾಗಕ್ಕೆ ನೈಲ್ ಪಾಲಿಶ್ ಹಚ್ಚಿ. ಆಮೇಲೆ ಅರ್ಧ ಸುತ್ತು, ಗೇಜ್‌ನಲ್ಲಿ 1 ಪಿಎಸ್ಐ ಏರಿದರೆ ಸಾಕು. ಹೊಸ ಗಾಡಿಗಳಲ್ಲಿ ಈ ಆಟ ನಡೆಯುವುದಿಲ್ಲ. ಬೂಸ್ಟ್ ಎಷ್ಟಿರಬೇಕೆಂದು ಎಂಜಿನ್‌ನ ಕಂಪ್ಯೂಟರ್ ಇಸಿಯು ನಿರ್ಧರಿಸುತ್ತದೆ, ಮೀರಿದರೆ ಗಾಡಿ ತಾನೇ ಪವರ್ ಕಡಿಮೆ ಮಾಡಿಕೊಂಡು ಲಿಂಪ್ ಮೋಡ್‌ಗೆ ಹೋಗುತ್ತದೆ. ಅಲ್ಲಿ ರೀಮ್ಯಾಪ್, ಅಂದರೆ ಇಸಿಯುನ ಸಾಫ್ಟ್‌ವೇರ್ ಬದಲಾಯಿಸುವುದು, ಒಂದೇ ದಾರಿ. ಅದನ್ನೂ ಗಾಡಿಯ ಪವರ್ ಅಳೆಯುವ ಡೈನೊ ಮೇಲೆ ನಿಲ್ಲಿಸಿ ನೋಡುವವರ ಹತ್ತಿರ ಮಾಡಿಸಿ, ಐದು ನಿಮಿಷದಲ್ಲಿ ಫೈಲ್ ಹಾಕಿ ಕಳಿಸುವವರ ಹತ್ತಿರ ಬೇಡ.

ಗಾಳಿ ಏರಿದಷ್ಟೂ ಇಂಧನ ಏರಬೇಕು. ಪೆಟ್ರೋಲ್‌ನಲ್ಲಿ ಫುಲ್ ಆಕ್ಸಿಲರೇಟರ್ ಕೊಟ್ಟಾಗ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ಲ್ಯಾಂಬ್ಡಾ 0.80ರಿಂದ 0.85ರೊಳಗೆ ಇರಲಿ (1 ಅಂದರೆ ಸರಿಸಮ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ). ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಕಬ್ಬಿನದೂ ಅದರಲ್ಲಿ ಒಂದಿಷ್ಟು ಇರಬಹುದು! ಎಥನಾಲ್ ನಾಕಿಂಗ್ ತಡೆಯಲು ಒಳ್ಳೆಯದೇ, ಆದರೆ ಇಂಧನ ಜಾಸ್ತಿ ಕೇಳುತ್ತದೆ, ಹಳೇ ಇಂಜೆಕ್ಟರ್ ಅಷ್ಟು ಕೊಡಲಾರದೆ ಹೋಗಬಹುದು. ಡೀಸೆಲ್ ಆದರೆ ಟರ್ಬೊಗೆ ಮುಂಚೆ ಎಕ್ಸಾಸ್ಟ್ ಶಾಖ 700 ಡಿಗ್ರಿ ದಾಟಿದಾಗ ಕಾಲು ಸಡಿಲಿಸಿ.

ಪೆಟ್ರೋಲ್ ಗಾಡಿಯಲ್ಲಿ ಪ್ರತಿ ಸಲ ಬೂಸ್ಟ್ ಏರಿಸಿದ ಮೇಲೆ ಪ್ಲಗ್ ಬಿಚ್ಚಿ, ಬಿಸಿಲಲ್ಲಿ ಭೂತಗನ್ನಡಿ ಹಿಡಿದು ನೋಡಿ. ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ, ನಡುವೆ ಹೊಳೆಯುವ ಕಣ ಕಂಡರೆ ಆ ಹೊಳಪು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ತಕ್ಷಣ ಹಿಂದಕ್ಕೆ ತಿರುಗಿಸಿ. ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಮಾಡಿ ಖುಷಿಪಡಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಮಾಡಿ.

ಇನ್ನೊಂದು, ಐದನೇ ಗೇರ್‌ನಲ್ಲಿ 1,500 ಆರ್‌ಪಿಎಂ ಇರುವಾಗ ಪೂರ್ತಿ ತುಳಿಯಬೇಡಿ. ಕೆಳಗಿನ ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟ್ ಬಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕಬ್ಬಿನ ಲಾರಿ ಓವರ್‌ಟೇಕ್ ಮಾಡಬೇಕಾ? ಮೂರನೇ ಗೇರ್‌ಗೆ ಇಳಿಸಿ.

ಕಾಗದದ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ವಾರಂಟಿ ಹೋಗುತ್ತದೆ, ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಟ್ರ್ಯಾಕ್‌ನಲ್ಲಿ ಓಡಿಸುವವರ ಮಾತು ಬೇರೆ.

ನನ್ನ ಸ್ವಿಫ್ಟ್ ಈಗ ಕಂಪನಿ ಇಟ್ಟ ಜಾಗಕ್ಕೇ ಬಂದಿದೆ. ನಟ್ ಮೇಲೆ ಹೆಂಡತಿಯ ಕೆಂಪು ನೈಲ್ ಪಾಲಿಶ್ ಗುರುತು ಇದೆ, ಬಂದರೆ ತೋರಿಸುತ್ತೇನೆ.