ಮುದ್ರಣ ಕೇಂದ್ರದ ಕಂಪ್ಯೂಟರಿನಲ್ಲಿ ಫೈಲುಗಳನ್ನು ನಾನು ಹೊಂದಿಸಿಕೊಂಡ ಬಗೆ

ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಮತ್ತು ಆಗೊಮ್ಮೆ ಈಗೊಮ್ಮೆ ಶಾಲೆಗಳ ಸ್ಮರಣ ಸಂಚಿಕೆಗಳನ್ನು ಮಾಡಿಕೊಡುವ ಸಣ್ಣ ಡಿಟಿಪಿ ಕೇಂದ್ರ ನಮ್ಮದು. ಈ ಕೆಲಸದಲ್ಲಿ ಹಳೆಯ ಫೈಲುಗಳು ಮತ್ತೆ ಮತ್ತೆ ಬೇಕಾಗುತ್ತವೆ. ಅಕ್ಕನ ಮದುವೆಗೆ ಮಾಡಿಸಿದ ಪತ್ರಿಕೆಯ ವಿನ್ಯಾಸವೇ ತಂಗಿಯ ಮದುವೆಗೂ ಇರಲಿ ಎಂದು ಮನೆಯವರು ಬರುತ್ತಾರೆ. ಬಿಲ್ ಪುಸ್ತಕ ಮುಗಿದ ಅಂಗಡಿಯವರು ಮುಂದಿನ ಕ್ರಮಸಂಖ್ಯೆಯಿಂದ ಅದನ್ನೇ ಅಚ್ಚು ಹಾಕಿಕೊಡಿ ಎನ್ನುತ್ತಾರೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಕಂಪಾಸಿಟರುಗಳು ಅಕ್ಷರದ ಗೂಡನ್ನು ನೋಡದೆಯೇ ಕೈ ಹಾಕುತ್ತಿದ್ದಂತೆ, ನಮಗೂ ಬೇಕಾದ ಫೈಲು ಯೋಚಿಸದೆ ಸಿಗಬೇಕು. ವಿಂಡೋಸ್ ತಾನಾಗಿ ತೋರಿಸುವ ಕ್ರಮದಲ್ಲಿ ಇದು ಸಾಧ್ಯವಾಗುವುದಿಲ್ಲ. ಅದನ್ನು ಸಾಧ್ಯವಾಗಿಸಲು ನಾನು ಏನೇನು ಬದಲಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಫೋಲ್ಡರ್ ಆಪ್ಷನ್ಸ್ ತೆರೆದು, ವ್ಯೂ ಟ್ಯಾಬಿನಲ್ಲಿ ಫೈಲಿನ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ, ಫೈಲಿನ ಬಗೆ ಹೇಳುವ ಅಕ್ಷರಗಳು) ಮರೆಮಾಡುವ ಆಯ್ಕೆಯ ಗುರುತನ್ನು ತೆಗೆದದ್ದು. ಒಂದೇ ಲಗ್ನಪತ್ರಿಕೆಗೆ ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದ ಸಿಡಿಆರ್ ಮೂಲ, ಗಿರಾಕಿಗೆ ನೋಡಲು ಕಳಿಸಿದ ಜೆಪಿಜಿ ಮತ್ತು ಪ್ಲೇಟ್ ಮಾಡುವವರಿಗೆ ಕೊಟ್ಟ ಪಿಡಿಎಫ್ ಹೀಗೆ ಮೂರು ಫೈಲುಗಳು ಒಂದೇ ಹೆಸರಿನಲ್ಲಿ ಇರುತ್ತವೆ; ಕೊನೆಯ ಮೂರಕ್ಷರ ಕಾಣದಿದ್ದರೆ ಚಿಕ್ಕ ಚಿತ್ರವನ್ನು ದಿಟ್ಟಿಸಿ ಗುರುತಿಸಬೇಕಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದಲೂ ಇದು ಅಗತ್ಯ. ಗಿರಾಕಿಗಳ ಪೆನ್‌ಡ್ರೈವ್ ದಿನವೂ ಬರುವ ಜಾಗದಲ್ಲಿ, ಪಿಡಿಎಫ್ ಎಂಬಂತೆ ಹೆಸರಿಟ್ಟುಕೊಂಡು ನಿಜವಾಗಿ ಇಎಕ್ಸ್‌ಇ (ತೆರೆದೊಡನೆ ಓಡುವ ಪ್ರೋಗ್ರಾಂ) ಆಗಿರುವ ಫೈಲನ್ನು ತೆರೆಯುವ ಮೊದಲೇ ಗುರುತಿಸಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಮುಂದಿನ ಹೆಜ್ಜೆಯೇ ನಿಜವಾಗಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು. ವಿಂಡೋಸ್ ಪ್ರತಿ ಫೋಲ್ಡರನ್ನೂ ಐದು ಮಾದರಿಗಳಲ್ಲಿ ಒಂದಕ್ಕೆ ಸೇರಿಸುತ್ತದೆ: ಜನರಲ್ ಐಟಮ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್. ಒಳಗೆ ಏನಿದೆ ಎಂಬುದನ್ನು ನೋಡಿ ಮಾದರಿಯನ್ನು ತಾನೇ ಊಹಿಸುವುದರಿಂದ, ಜೆಪಿಜಿ ಹೆಚ್ಚಿರುವ ಕೆಲಸದ ಫೋಲ್ಡರು ಫೋಟೋ ಫೋಲ್ಡರಿನಂತೆಯೂ ಪಕ್ಕದ ಇನ್ನೊಂದು ಬೇರೆ ರೀತಿಯಲ್ಲಿಯೂ ತೆರೆದುಕೊಳ್ಳುತ್ತವೆ. ಕೆಲಸಗಳೆಲ್ಲ ಇರುವ ಮೂಲ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಕಸ್ಟಮೈಸ್ ಟ್ಯಾಬಿನಲ್ಲಿ ಜನರಲ್ ಐಟಮ್ಸ್ ಆರಿಸಿ, ಒಳಗಿನ ಎಲ್ಲ ಫೋಲ್ಡರುಗಳಿಗೂ ಇದೇ ಅನ್ವಯಿಸಲಿ ಎಂಬ ಗುರುತು ಹಾಕಿದೆ. ಆಮೇಲೆ ಒಂದು ಫೋಲ್ಡರನ್ನು ಡೀಟೇಲ್ಸ್ ನೋಟಕ್ಕೆ ತಂದು, ಕಾಲಂಗಳನ್ನು ಹೊಂದಿಸಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಪ್ಲೈ ಟು ಫೋಲ್ಡರ್ಸ್ ಒತ್ತಿದೆ. ಈ ಗುಂಡಿ ಅದೇ ಮಾದರಿಯ ಫೋಲ್ಡರುಗಳಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದಲೇ ಮಾದರಿಯನ್ನು ಮೊದಲು ಒಂದಾಗಿಸಿಕೊಳ್ಳಬೇಕು. ಒತ್ತಿದರೂ ಏನೂ ಬದಲಾಗಲಿಲ್ಲ ಎಂದು ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರ ತೊಡಕು ಇದೇ ಆಗಿತ್ತು.

ಕಾಲಂಗಳಲ್ಲಿ ಹೆಸರು, ಕೊನೆಯ ಬಾರಿ ತಿದ್ದಿದ ದಿನಾಂಕ, ಫೈಲಿನ ಬಗೆ ಮತ್ತು ಗಾತ್ರ ಇವಿಷ್ಟನ್ನೇ ಉಳಿಸಿಕೊಂಡಿದ್ದೇನೆ. ಡೇಟ್ ಕ್ರಿಯೇಟೆಡ್ ಎಂಬ ಕಾಲಮ್ಮನ್ನು ನಂಬುವಂತಿಲ್ಲ. ಫೈಲನ್ನು ಹೊಸ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದಾಗ ಅದರಲ್ಲಿ ಕಾಪಿ ಮಾಡಿದ ದಿನವೇ ದಾಖಲಾಗುತ್ತದೆ. ತಿದ್ದಿದ ದಿನಾಂಕ ಮಾತ್ರ ಹಾಗೆಯೇ ಉಳಿಯುತ್ತದೆ. ಕೆಲಸದ ಫೋಲ್ಡರಿನ ಒಳಗೆ ಗ್ರೂಪ್ ಬೈ ಆಯ್ಕೆಯಿಂದ ಫೈಲುಗಳನ್ನು ಬಗೆಯ ಪ್ರಕಾರ ಗುಂಪು ಮಾಡಿದ್ದೇನೆ; ಸಿಡಿಆರ್‌ಗಳು ಒಂದು ತಲೆಬರಹದ ಕೆಳಗೆ, ಪಿಡಿಎಫ್‌ಗಳು ಇನ್ನೊಂದರ ಕೆಳಗೆ ಬರುತ್ತವೆ. ಕೋರೆಲ್‌ಡ್ರಾ ತಾನಾಗಿ ಮಾಡುವ ಬ್ಯಾಕಪ್ ಪ್ರತಿಯ ಹೆಸರು ಇಂಗ್ಲಿಷ್ ಅಕ್ಷರದಿಂದ ಮೊದಲಾಗುತ್ತದೆ, ನಮ್ಮ ಫೈಲುಗಳ ಹೆಸರು ಅಂಕಿಯಿಂದ. ಅಂಕಿಗಳು ಅಕ್ಷರಗಳಿಗಿಂತ ಮೊದಲು ಬರುವುದರಿಂದ ಬ್ಯಾಕಪ್‌ಗಳೆಲ್ಲ ಗುಂಪಿನ ತಳಕ್ಕೆ ಇಳಿದು, ಮೂಲ ಫೈಲುಗಳ ನಡುವೆ ಬೆರೆಯುವುದಿಲ್ಲ.

ಫೋಟೋಗಳ ವಿಷಯ ಬೇರೆ. ಅವುಗಳ ಫೋಲ್ಡರಿಗೆ ಪಿಕ್ಚರ್ಸ್ ಮಾದರಿಯನ್ನೇ ಇಟ್ಟು, ದೊಡ್ಡ ಐಕಾನುಗಳಲ್ಲಿ, ಡೇಟ್ ಟೇಕನ್ ಪ್ರಕಾರ ಜೋಡಿಸಿದ್ದೇನೆ. ಸ್ಮರಣ ಸಂಚಿಕೆಗೆ ವಾರ್ಷಿಕೋತ್ಸವದ ಫೋಟೋಗಳು ಕಾರ್ಯಕ್ರಮ ನಡೆದ ಕ್ರಮದಲ್ಲೇ ಬೇಕು. ಫೋಟೋವನ್ನು ಕತ್ತರಿಸಿ ಉಳಿಸಿದ ಕೂಡಲೇ ತಿದ್ದಿದ ದಿನಾಂಕ ಬದಲಾಗುತ್ತದೆ, ಆದರೆ ಕ್ಯಾಮೆರಾ ಫೋಟೋದೊಳಗೆ ಬರೆದಿಟ್ಟ ಸಮಯ ಸಾಮಾನ್ಯವಾಗಿ ಉಳಿದಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋವಾಗಿ ಬಂದ ಚಿತ್ರದಲ್ಲಿ ಈ ಮಾಹಿತಿ ಇರುವುದಿಲ್ಲ. ಆದ್ದರಿಂದ ಫೋಟೋಗಳನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಶಿಕ್ಷಕರಲ್ಲಿ ವಿನಂತಿಸುತ್ತೇನೆ. ಅಚ್ಚಿಗೆ ಬೇಕಾದ ಪೂರ್ಣ ಗಾತ್ರವೂ ಹೀಗೆ ಉಳಿಯುತ್ತದೆ.

ನೋಟದ ಆಯ್ಕೆಗಳೆಲ್ಲ ಆ ಒಂದು ಕಂಪ್ಯೂಟರಿಗೆ ಸೇರಿದವು. ಫೈಲು ಪೆನ್‌ಡ್ರೈವಿನಲ್ಲಿ ಬೇರೆಡೆಗೆ ಹೋದಾಗ ಈ ಆಯ್ಕೆಗಳು ಜೊತೆಗೆ ಹೋಗುವುದಿಲ್ಲ, ಹೆಸರು ಹೋಗುತ್ತದೆ; ಹಾಗಾಗಿ ಬದಲಾಗಬಾರದ ಕ್ರಮವನ್ನು ಹೆಸರಿನಲ್ಲಿಯೇ ಇಡುತ್ತೇನೆ. ನಾವು ರೂಢಿಯಲ್ಲಿ ಬರೆಯುವ 12-05-2024 ಎಂಬ ರೀತಿಯಲ್ಲಿ ಹೆಸರಿಟ್ಟರೆ ಎಲ್ಲ ತಿಂಗಳುಗಳ 12ನೆಯ ತಾರೀಖಿನ ಕೆಲಸಗಳೂ ಒಂದೆಡೆ ಗುಂಪಾಗುತ್ತವೆ. 2024-05-12 ಎಂದು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆದರೆ ಅಕ್ಷರಾನುಕ್ರಮವೇ ಕಾಲಾನುಕ್ರಮವಾಗುತ್ತದೆ. ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದನ್ನೇ ಹೇಳುತ್ತದೆ. ಪುಟಗಳಿಗೆ 001, 002 ಎಂದು ಸೊನ್ನೆ ಸೇರಿಸಿಯೇ ಸಂಖ್ಯೆ ಕೊಡುತ್ತೇನೆ. ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ, ಫೈಲುಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ಅಂಕಿಗಳ ಬೆಲೆ ನೋಡಿ 2ರ ನಂತರವೇ 10ನ್ನು ತೋರಿಸುತ್ತದೆ ಎಂಬುದು ನಿಜ, ಆದರೆ ಪುಟಗಳನ್ನು ಒಟ್ಟುಗೂಡಿಸುವ ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲ. 1, 10, 11, 2 ಎಂದು ಜೋಡಿಸುವ ತಂತ್ರಾಂಶದ ಕೈಗೆ ನೂರು ಪುಟಗಳ ಸಂಚಿಕೆ ಸಿಕ್ಕರೆ ಆಗುವ ನಷ್ಟ ಕಾಗದದ ರೀಮುಗಳ ಲೆಕ್ಕದಲ್ಲಿರುತ್ತದೆ.

ಕನ್ನಡದ ಹೆಸರುಗಳಿಗೂ ಇದೇ ಕಾರಣದಿಂದ ಮುಂದೆ ಅಂಕಿ ಬೇಕು. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಯದು. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್ ಕೋಷ್ಟಕದಲ್ಲಿ ಅದರ ಸ್ಥಾನ ಲ ಮತ್ತು ವ ಅಕ್ಷರಗಳ ನಡುವೆ ಇದೆ. ಭಾಷೆಯ ಕ್ರಮವನ್ನು ಪಾಲಿಸುವ ತಂತ್ರಾಂಶ ಒಂದು ರೀತಿ ಜೋಡಿಸಿದರೆ, ಕೇವಲ ಸಂಕೇತ ಸಂಖ್ಯೆಯನ್ನು ನೋಡುವುದು ಇನ್ನೊಂದು ರೀತಿ ಜೋಡಿಸುತ್ತದೆ. ಯೂನಿಕೋಡ್ ಪೂರ್ವದ ನುಡಿ ಫಾಂಟಿನ ಕೀಲಿಗಳಲ್ಲಿ ಹೆಸರು ಬರೆದಿದ್ದ ಹಳೆಯ ಫೈಲುಗಳಂತೂ ಎಕ್ಸ್‌ಪ್ಲೋರರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿದ್ದವು. ಬಿಡುವಿದ್ದಾಗಲೆಲ್ಲ ಒಂದೊಂದನ್ನೇ ತೆರೆದು ಯೂನಿಕೋಡ್ ಕನ್ನಡದಲ್ಲಿ ಮರುಹೆಸರಿಸಿದೆ. ಇದರಿಂದ ಈಗ ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಬಹುದು. ಹೆಸರನ್ನು ಬಹಳ ಉದ್ದ ಮಾಡಬಾರದು ಎಂಬ ಎಚ್ಚರವೂ ಬೇಕು, ಏಕೆಂದರೆ ಡ್ರೈವಿನಿಂದ ಹಿಡಿದು ಫೈಲಿನವರೆಗಿನ ಪೂರ್ಣ ವಿಳಾಸಕ್ಕೆ ಹಲವು ತಂತ್ರಾಂಶಗಳಲ್ಲಿ ಇನ್ನೂ 260 ಅಕ್ಷರಗಳ ಮಿತಿಯಿದೆ. ಕನ್ನಡದ ಒತ್ತಕ್ಷರ ಕಣ್ಣಿಗೆ ಒಂದಾಗಿ ಕಂಡರೂ ಲೆಕ್ಕಕ್ಕೆ ಮೂರು ನಾಲ್ಕಾಗುತ್ತದೆ.

ದಿನನಿತ್ಯದ ಬಳಕೆಯಲ್ಲಿ ಕೀಲಿಗಳು ಮೌಸಿಗಿಂತ ಬೇಗ. ಕಂಟ್ರೋಲ್ ಮತ್ತು ಶಿಫ್ಟ್ ಜೊತೆ 6 ಒತ್ತಿದರೆ ಡೀಟೇಲ್ಸ್ ನೋಟ, 2 ಒತ್ತಿದರೆ ದೊಡ್ಡ ಐಕಾನುಗಳು ಬರುತ್ತವೆ. ಡೀಟೇಲ್ಸ್ ನೋಟದಲ್ಲಿ ಕಂಟ್ರೋಲ್ ಜೊತೆ ಬಲಬದಿಯ ಅಂಕಿಗಳ ಭಾಗದಲ್ಲಿರುವ ಪ್ಲಸ್ ಕೀಲಿ ಒತ್ತಿದರೆ ಎಲ್ಲ ಕಾಲಂಗಳೂ ಹೆಸರುಗಳ ಉದ್ದಕ್ಕೆ ತಕ್ಕಂತೆ ಅಗಲವಾಗುತ್ತವೆ. ಫೋಲ್ಡರುಗಳ ನೋಟ ಎಂದಾದರೂ ಕಲಸಿಹೋದರೆ ವಿಂಡೋಸಿನ ಒಳ ಹೊಂದಾಣಿಕೆಗಳಿರುವ ರಿಜಿಸ್ಟ್ರಿಗೆ ಕೈ ಹಾಕದೆ, ಫೋಲ್ಡರ್ ಆಪ್ಷನ್ಸ್‌ನಲ್ಲಿ ರೀಸೆಟ್ ಫೋಲ್ಡರ್ಸ್ ಒತ್ತಿ, ಮೇಲೆ ಹೇಳಿದ ಹೊಂದಾಣಿಕೆಯನ್ನು ಮತ್ತೊಮ್ಮೆ ಮಾಡಿಕೊಳ್ಳುತ್ತೇನೆ.

ಚಾಲ್ತಿಯಲ್ಲಿರುವ ಕೆಲಸಗಳ ಫೋಲ್ಡರನ್ನು ಎಡಬದಿಯ ಪಟ್ಟಿಗೆ ಪಿನ್ ಮಾಡಿದ್ದೇನೆ. ಫೈಲನ್ನು ಉಳಿಸುವ ಕಿಟಕಿಯಲ್ಲೂ ಅದು ಕಾಣುವುದರಿಂದ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ದಾರಿ ಹೇಳಿಕೊಡಬೇಕಾಗಿಲ್ಲ. ಗಿರಾಕಿ ಹಣ ಕೊಟ್ಟು ಅಚ್ಚಾದ ಪ್ರತಿಗಳನ್ನು ಒಯ್ದ ಮೇಲೆ ಆ ಕೆಲಸದ ಫೋಲ್ಡರು ಆರ್ಥಿಕ ವರ್ಷದ ಹೆಸರಿರುವ ಫೋಲ್ಡರಿಗೆ ಹೋಗುತ್ತದೆ, ಮಾರ್ಚ್ 31ರ ನಂತರ ಆ ವರ್ಷದ ಫೋಲ್ಡರಿನ ಪ್ರತಿಯೊಂದು ಹೊರಗಿನ ಹಾರ್ಡ್ ಡಿಸ್ಕಿಗೂ ಸೇರುತ್ತದೆ.