ಕಾಮ್ 1 ಸತ್ತರೂ ಹಳೆ ಬೇಸಿಕ್ ಪ್ರೋಗ್ರಾಂ ಓಡಿಸಿದ್ದು: ನನ್ನ ಅನುಭವ

ಸಿಡಿಲಿಗೆ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಪಿಸಿಯ ಕಾಮ್ 1, ಅಂದರೆ ತೂಕದ ಡೇಟಾ ಬರುವ ಸೀರಿಯಲ್ ಪೋರ್ಟ್, ಹೋಗಿತ್ತು. ತೂಕದ ಪ್ರೋಗ್ರಾಂ ಹಳೆ ಡಾಸ್ ಕಾಲದ ಕ್ವಿಕ್‌ಬೇಸಿಕ್ 4.5ದು. ಪೋರ್ಟ್ ತೆರೆಯುವ ಅದರ ಓಪನ್ ಆಜ್ಞೆಗೆ ಕಾಮ್ 1, ಕಾಮ್ 2 ಬಿಟ್ಟರೆ ಬೇರೆ ಗೊತ್ತಿಲ್ಲ. ಕಾಮ್ 2ಕ್ಕೆ ಹೊರಗಿನ ದೊಡ್ಡ ಡಿಸ್‌ಪ್ಲೇ ಕೂತಿತ್ತು. ಹೊಸ ಪಿಸಿ, ಹೊಸ ಸಾಫ್ಟ್‌ವೇರ್ ಅಂತ ಮಾಲೀಕರಿಗೆ ಬಂದ ಕೊಟೇಶನ್ 40 ಸಾವಿರದ ಹತ್ತಿರ.

ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಳೆ ಐಎಸ್‌ಎ ಸ್ಲಾಟಿನ ಸೀರಿಯಲ್ ಕಾರ್ಡ್ ತಂದೆ, 300 ಚಿಲ್ಲರೆ. ಪಿಸಿ ಶುರುವಾಗುವಾಗ ಓಡುವ ಬಯೋಸ್‌ನಲ್ಲಿ ಸುಟ್ಟ ಪೋರ್ಟ್ ಆಫ್ ಮಾಡೋ ಆಯ್ಕೆಯೇ ಇಲ್ಲ, ಅದು ಕಾಮ್ 1ರ 3ಎಫ್8 (ಹೆಕ್ಸ್; ದಶಮಾಂಶದಲ್ಲಿ 1016) ಅಡ್ರೆಸ್ ಬಿಟ್ಟುಕೊಡಲ್ಲ. ಹಾಗಾಗಿ ಕಾರ್ಡಿನ ಜಂಪರ್ 3ಇ8 (1000) ಅಡ್ರೆಸ್‌ಗೆ, ಐಆರ್‌ಕ್ಯೂ (ಡೇಟಾ ಬಂತು ಅಂತ ಪ್ರೊಸೆಸರ್‌ಗೆ ತಿಳಿಸುವ ಲೈನ್) ಕಾಮ್ 1ರದ್ದೇ ಆದ 4ಕ್ಕೆ. ಐಎಸ್‌ಎನಲ್ಲಿ ಒಂದೇ ಐಆರ್‌ಕ್ಯೂಗೆ ಎರಡು ಪೋರ್ಟ್ ಹಾಕಿದ್ರೆ ನಡೆಯೋದೇ ಇಲ್ಲ ಅಂತ ಗೆಳೆಯರೆಲ್ಲ ಅಂದರು.

ಬಯೋಸ್ ಪೋರ್ಟ್ ಅಡ್ರೆಸ್‌ಗಳನ್ನು ಮೆಮೊರಿಯ ಸೆಗ್ಮೆಂಟ್ 64ರ ಮೊದಲ ಬೈಟ್‌ಗಳಲ್ಲೇ ಇಡುತ್ತೆ. ಪೀಕ್ ಮಾಡಿ ಓದಿದರೆ 248, 3, ಅಂದರೆ 3ಎಫ್8. ನಮಗೆ ಬೇಕಾದ್ದು 232, 3, ಅಂದರೆ 3ಇ8. ಒಂದೇ ಬೈಟ್ ವ್ಯತ್ಯಾಸ! ಆ ಬೈಟ್ ಬದಲಿಸಿ ಬರೆಯಲು ಡೆಫ್ ಸೆಗ್ = 64, ಪೋಕ್ 0, 232. ಓಪನ್‌ಗಿಂತ ಮುಂಚೆ ಹಾಕಬೇಕು. ಆದರೂ ಡೇಟಾ ಬರಲಿಲ್ಲ. ಕೇಬಲ್ ಬದಲಿಸಿದೆ, ಇನ್ನೊಂದು ಕಾರ್ಡ್ ತಂದೆ, ಸುಮ್ನೆ 500 ರೂಪಾಯಿ ಹೋಯ್ತು.

ಕೊನೆಗೆ ಕೆಲಸ ಮಾಡಿದ್ದು ಪೋರ್ಟ್‌ಗೆ ನೇರ ಬರೆಯುವ ಒಂದು ಸಾಲು: ಔಟ್ 1020, 0. ಸುಟ್ಟ ಚಿಪ್‌ನ ಮೋಡೆಮ್ ಕಂಟ್ರೋಲ್ ರಿಜಿಸ್ಟರ್ ಅದು. ಅದರ ಔಟ್2 ಬಿಟ್ ಸೊನ್ನೆ ಆದರೆ ಆ ಚಿಪ್ ಐಆರ್‌ಕ್ಯೂ ಲೈನ್ ಬಿಟ್ಟು ಸರಿಯುತ್ತೆ. ಮರುಕ್ಷಣವೇ ತೂಕ ಸ್ಕ್ರೀನ್ ಮೇಲೆ! ನಡೆಯಲ್ಲ ಅಂದವರನ್ನೇ ಕರೆದು ಒಂದು ಲೋಡ್ ಲಾರಿ ತೂಗಿ ತೋರಿಸಿದೆ.

ಇದರಿಂದ ಧೈರ್ಯ ಬಂದು ಇನ್ನೊಂದು ಕಡೆಯ ಪ್ರೋಗ್ರಾಮಿಗೂ ಕೈ ಹಾಕಿದೆ. ಅದು ಓಪನ್ ಬಳಸಲ್ಲ, ಪೋರ್ಟನ್ನು ನೇರ ಇನ್‌ಪಿಯಿಂದ ಓದಿ ಔಟ್‌ನಿಂದ ಬರೆಯುತ್ತೆ. ಪೋಕ್‌ಗೆ ಅಲ್ಲಿ ಬೆಲೆ ಇಲ್ಲ. 3ಎಫ್8 ಅಂತ ಹುಡುಕಿದರೆ ಒಂದೂ ಸಿಗಲಿಲ್ಲ, ಬರೆದವರು ಎಲ್ಲಾ ದಶಮಾಂಶದಲ್ಲಿ ಹಾಕಿದ್ದರು: 1016, 1021. ಪ್ರತಿಯೊಂದರಿಂದ 16 ಕಳೆದರೆ ಆಯ್ತು, 1000, 1005. ಕಣ್ಣು ಮುಚ್ಚಿ ರಿಪ್ಲೇಸ್ ಆಲ್ ಕೊಡಬೇಡಿ. ನನಗೆ ಸಿಕ್ಕ ಫೈಲಿನಲ್ಲಿ ಒಂದು 1016 ಪಾರ್ಟಿ (ಗ್ರಾಹಕರ) ಕೋಡ್ ಆಗಿತ್ತು.

ಮನೆಯಲ್ಲಿ ಲ್ಯಾಪ್‌ಟಾಪ್ ಮೇಲೆ, ಡಾಸ್ ಪ್ರೋಗ್ರಾಂ ಓಡಿಸುವ ಡಾಸ್‌ಬಾಕ್ಸ್‌ನಲ್ಲೂ ನೋಡಿದೆ. ಕಾನ್ಫಿಗ್‌ನಲ್ಲಿ ಸೀರಿಯಲ್1ಕ್ಕೆ ಡೈರೆಕ್ಟ್‌ಸೀರಿಯಲ್ ಕೊಟ್ಟು ಯುಎಸ್‌ಬಿ ಕನ್ವರ್ಟರ್‌ನ ಪೋರ್ಟ್ ತೋರಿಸಿದರೆ ಓಡುತ್ತೆ, ಪೋಕ್ ಬೇಡವೇ ಬೇಡ. ಆದರೆ ಧೂಳಿನ ವೇಬ್ರಿಡ್ಜ್ ರೂಮಿನಲ್ಲಿ ನನಗೆ ಹಳೆ ಪಿಸಿನೇ ಜಾಸ್ತಿ ಇಷ್ಟ.

ಸೋರ್ಸ್ ಇಲ್ಲದೆ ಇಎಕ್ಸ್‌ಇ ಮಾತ್ರ ಇದ್ದರೂ ಚಿಂತೆ ಇಲ್ಲ. ಪೋಕ್ ಮಾಡಿದ್ದು ರೀಬೂಟ್ ತನಕ ಉಳಿಯುತ್ತೆ, ಪಿಸಿ ಆನ್ ಆದಾಗ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಮೊದಲು ಆ ಪೋಕ್, ಔಟ್ ಮಾಡುವ ಚಿಕ್ಕ ಪ್ರೋಗ್ರಾಂ ಓಡಿಸಿದರೆ ಸಾಕು. ನೇರ ಔಟ್ ಮಾಡುವ ಇಎಕ್ಸ್‌ಇಯನ್ನು ನಾನು ಬೇರೆ ರೀತಿ ದಾರಿಗೆ ತರ್ತೀನಿ. ಅದನ್ನು ಇಲ್ಲಿ ಹೇಳಲ್ಲ, ನನ್ನ ಹೊಟ್ಟೆಪಾಡು ಅದು. ಈ ಕೆಲಸಕ್ಕೆ 3,500ರ ಆಸುಪಾಸು ತಗೊಂಡೆ.