ಇದು ಸಮೂಹ ನಾಶಕ ಅಸ್ತ್ರವೇ? ಸುದ್ದಿ ಓದುವಾಗ ಅಳೆಯುವ ಬಗೆ

ಸ್ಫೋಟ ಎಷ್ಟು ದೊಡ್ಡದಿತ್ತು, ಎಷ್ಟು ಜನ ಸತ್ತರು ಎಂಬಲ್ಲಿಂದ ಶುರು ಮಾಡಬೇಡಿ. ಹೆಚ್ಚಿನವರು ಎಡವುವುದು ಅಲ್ಲೇ. 2020ರಲ್ಲಿ ಬೈರೂತ್ ಬಂದರಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಅದು ಅವಘಡ, ಅಸ್ತ್ರವೇ ಅಲ್ಲ. 1995ರಲ್ಲಿ ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ಎಂಬ ನರ ವಿಷಕ್ಕೆ ಬಲಿಯಾದವರು ಅದಕ್ಕಿಂತ ತೀರಾ ಕಡಿಮೆ, ಆದರೂ ಅದು ರಾಸಾಯನಿಕ ಅಸ್ತ್ರದ ದಾಳಿಯೇ.

ಮೊದಲು ಕೇಳಬೇಕಾದ್ದು, ಹಾನಿ ಮಾಡಿದ್ದು ಯಾವುದು? 1948ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ಅಣ್ವಸ್ತ್ರ, ವಿಕಿರಣ ವಸ್ತುವಿನ ಅಸ್ತ್ರ, ಮಾರಕ ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳನ್ನು ‘ಸಮೂಹ ನಾಶಕ’ ಗುಂಪಿಗೆ ಸೇರಿಸಿತು. ಅಷ್ಟೇ ವಿನಾಶಕಾರಿಯಾಗಿ ಮುಂದೆ ಹುಟ್ಟಬಹುದಾದವನ್ನೂ. ಇಂದಿಗೂ ಇದೇ ಆಧಾರ. ಕ್ಷಿಪಣಿ ಇಲ್ಲಿ ವಾಹಕ ಮಾತ್ರ, ಅದರ ತಲೆಯಲ್ಲಿ ಏನಿದೆ ಎಂಬುದೇ ಮುಖ್ಯ. ‘ಯುರೇನಿಯಂ’ ಎಂಬ ಹೆಸರು ಕಂಡ ಮಾತ್ರಕ್ಕೂ ಬೆಚ್ಚಬೇಕಿಲ್ಲ: ಟ್ಯಾಂಕ್ ಭೇದಿಸುವ ಗುಂಡುಗಳಲ್ಲಿ ಅದನ್ನು ಬಳಸುವುದು ತೂಕ, ಗಡಸುತನಕ್ಕಾಗಿ. ಅಲ್ಲಿ ಅಣು ಸ್ಫೋಟ ನಡೆಯುವುದಿಲ್ಲ.

ಆಮೇಲೆ ಉದ್ದೇಶ ನೋಡಿ. ರಾಸಾಯನಿಕಗಳ ವಿಷಯದಲ್ಲಿ ಇದೇ ನಿರ್ಣಾಯಕ. ಕುಡಿಯುವ ನೀರು ಶುದ್ಧ ಮಾಡುವ ಕ್ಲೋರಿನ್ 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರ ಒಪ್ಪಂದದ ನಿಯಂತ್ರಿತ ರಾಸಾಯನಿಕಗಳ ಪಟ್ಟಿಗಳಲ್ಲಿ ಇಲ್ಲ. ಆದರೆ ಅದನ್ನೇ ಜನರ ಮೇಲೆ ಬಿಟ್ಟರೆ ನಿಷೇಧಿತ ಅಸ್ತ್ರ. ಅಶ್ರುವಾಯುವನ್ನು ಪೊಲೀಸರು ಗಲಭೆ ಹತ್ತಿಕ್ಕಲು ಬಳಸಬಹುದು, ಯುದ್ಧದ ವಿಧಾನವಾಗಿ ಸೈನ್ಯ ಬಳಸುವಂತಿಲ್ಲ. ಹಾಗಾಗಿ ‘ಪಟ್ಟಿಯಲ್ಲಿಲ್ಲ, ಆದ್ದರಿಂದ ತಪ್ಪಿಲ್ಲ’ ಎಂಬ ವಾದ ಎಲ್ಲಿ ಕಂಡರೂ ಒಪ್ಪಬೇಡಿ.

ಯಾವ ಕಾನೂನಿನ ಮಾತು ಎಂಬುದನ್ನೂ ಗಮನಿಸಿ. 2013ರ ಬೋಸ್ಟನ್ ಮ್ಯಾರಥಾನ್ ದಾಳಿಯ ಪ್ರೆಷರ್ ಕುಕ್ಕರ್ ಬಾಂಬಿಗೂ ಅಮೆರಿಕದಲ್ಲಿ ‘ಸಮೂಹ ನಾಶಕ ಅಸ್ತ್ರ’ ಬಳಕೆಯ ಆರೋಪ ಹೊರಿಸಲಾಗಿತ್ತು, ಏಕೆಂದರೆ ಅಲ್ಲಿನ ಕಾನೂನಿನ ವ್ಯಾಖ್ಯೆ ಮಾಮೂಲಿ ಬಾಂಬುಗಳನ್ನೂ ಒಳಗೊಳ್ಳುತ್ತದೆ. ಅಂತರರಾಷ್ಟ್ರೀಯ ಅರ್ಥದಲ್ಲಿ ಅದು ಸಮೂಹ ನಾಶಕ ಅಸ್ತ್ರವಲ್ಲ.

ಪುರಾವೆ ತೂಗುವುದೇ ಎಲ್ಲಕ್ಕಿಂತ ಕಷ್ಟ. ಅಣು ಸ್ಫೋಟವನ್ನು ಭೂಕಂಪ ಮಾಪಕಗಳು ಹಿಡಿಯುತ್ತವೆ. ಸಾರಿನ್‌ನಂಥ ನರ ವಿಷದ ಆವಿ ಒಳಹೋದರೆ ಕಣ್ಣಿನ ಪಾಪೆ ಕುಗ್ಗುವುದು, ಜೊಲ್ಲು ಸುರಿಯುವುದು, ಉಸಿರುಗಟ್ಟುವುದು ನಿಮಿಷಗಳಲ್ಲೇ ಕಾಣುತ್ತದೆ. ಜೈವಿಕ ಅಸ್ತ್ರ ಹಾಗಲ್ಲ. ರೋಗ ತಲೆದೋರಲು ದಿನಗಳೇ ಬೇಕು, ಅದು ಸಹಜ ಸೋಂಕಿನಂತೆಯೇ ಕಾಣುತ್ತದೆ. 1979ರಲ್ಲಿ ಸೋವಿಯತ್ ಒಕ್ಕೂಟದ ಸ್ವೆರ್ಡ್ಲೋವ್ಸ್ಕ್‌ನ ಸೇನಾ ಕೇಂದ್ರದಿಂದ ಆಂಥ್ರಾಕ್ಸ್ ರೋಗಾಣು ಸೋರಿ 60ಕ್ಕೂ ಹೆಚ್ಚು ಜನ ಸತ್ತಾಗ, ಕೆಟ್ಟ ಮಾಂಸವೇ ಕಾರಣ ಎಂದು ಸೋವಿಯತ್ ಸರ್ಕಾರ ವರ್ಷಗಟ್ಟಲೆ ಸಾಧಿಸಿತು. 1975ರಿಂದ ಜಾರಿಯಲ್ಲಿರುವ ಜೈವಿಕ ಅಸ್ತ್ರ ಒಪ್ಪಂದಕ್ಕೆ ತನ್ನದೇ ತಪಾಸಣಾ ಸಂಸ್ಥೆ ಇಂದಿಗೂ ಇಲ್ಲ. ಇದು ದೊಡ್ಡ ಕೊರತೆ.

ತನಿಖಾ ವರದಿ ಕೈಗೆ ಬಂದರೆ ಮೂರು ವಿಷಯ ಹುಡುಕಿ: ಮಾದರಿಗಳನ್ನು ಯಾರು ಸಂಗ್ರಹಿಸಿದರು, ಪ್ರಯೋಗಾಲಯ ತಲುಪುವವರೆಗೆ ಅವು ಯಾರ ವಶದಲ್ಲಿದ್ದವು, ಒಂದಕ್ಕಿಂತ ಹೆಚ್ಚು ಪ್ರಯೋಗಾಲಯ ಅದೇ ಫಲಿತಾಂಶ ಕೊಟ್ಟವೇ. ‘ಬಳಕೆಯಾಗಿದೆ’ ಎನ್ನುವುದಕ್ಕೂ ‘ಇಂಥವರೇ ಬಳಸಿದರು’ ಎನ್ನುವುದಕ್ಕೂ ಇರುವ ಅಂತರ ಮರೆಯಬೇಡಿ. 2013ರಲ್ಲಿ ಸಿರಿಯಾದ ಘೌಟಾದಲ್ಲಿ ಸಾರಿನ್ ಬಳಕೆಯಾದದ್ದನ್ನು ವಿಶ್ವಸಂಸ್ಥೆಯ ತಂಡ ಖಚಿತಪಡಿಸಿತು. ಬಳಸಿದವರನ್ನು ಹೆಸರಿಸುವ ಅಧಿಕಾರವನ್ನು ಆ ತಂಡಕ್ಕೆ ಕೊಟ್ಟಿರಲಿಲ್ಲ.